ನೊಣದ ರಕ್ತ, ಬದನೆಕಾಯಿಯ ಕಪ್ಪು

ಮಳೆಗಾಲದ ಪುಣೆಯಲ್ಲಿ ಬಾಳೆಹಣ್ಣು ಇಟ್ಟ ಕಡೆಯೆಲ್ಲ ಸಣ್ಣ ಹಣ್ಣುನೊಣ ಇದ್ದೇ ಇರುತ್ತದೆ. ಕೋಥ್ರೂಡ್‌ನಲ್ಲಿ ಧಾರವಾಡದ ಗೆಳೆಯನ ಮನೆಗೆ ಊಟಕ್ಕೆ ಹೋಗಿದ್ದೆ. ಅವನ ತಾಯಿ ಒಂದು ನೊಣ ಹೊಸಕಿ ಬೆರಳು ತೋರಿಸಿದರು: "ಇಷ್ಟ ಸಣ್ಣ ಹುಳಕ್ಕೂ ಕೆಂಪ ರಕ್ತ ನೋಡ್ರಿ!"

"ಅದು ರಕ್ತ ಅಲ್ರೀ ಅಮ್ಮ, ಕಣ್ಣಿನ ಬಣ್ಣ" ಅಂದೆ. ನಂಬಲಿಲ್ಲ.

ಪ್ರಯೋಗಾಲಯದಲ್ಲಿ ಈ ನೊಣದ ಮರಿಹುಳುವನ್ನು ಅಭ್ಯಾಸ ಮಾಡುವುದೇ ನನ್ನ ಹೊಟ್ಟೆಪಾಡು. ಅದರ ರಕ್ತಕ್ಕೆ ಬಣ್ಣವೇ ಇಲ್ಲ. ಆಮ್ಲಜನಕ ಸಣ್ಣ ಕೊಳವೆಗಳಲ್ಲಿ ನೇರವಾಗಿ ಮೈಯೊಳಗೆ ಹೋಗುವುದರಿಂದ ರಕ್ತಕ್ಕೆ ಆ ಹೊರೆ ಇಲ್ಲ. ರಕ್ತಕೋಶಗಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ತಿನ್ನುಬಾಕ ಕೋಶಗಳು. ಬ್ಯಾಕ್ಟೀರಿಯಾ ಸಿಕ್ಕರೆ ನುಂಗಿಬಿಡುತ್ತವೆ.

ನೂರಕ್ಕೆ ಸುಮಾರು 5 ಮಾತ್ರ ಸ್ಫಟಿಕ ಕೋಶ. ಎಣ್ಣೆಗಾಯಿಗೆ ಸೀಳಿದ ಬದನೆಕಾಯಿಯನ್ನು ನೀರಿಗೆ ಹಾಕದೆ ಬಿಟ್ಟರೆ ಕಪ್ಪಾಗುತ್ತದಲ್ಲ? ಅದೇ ಬಗೆಯ ಕಿಣ್ವ ಈ ಕೋಶದಲ್ಲಿ ತುಂಬಿರುತ್ತದೆ. ಗಾಯವಾದರೆ ಕೋಶ ಒಡೆದು ಆ ಜಾಗ ಕಪ್ಪಾಗುತ್ತದೆ. ಮರಿಹುಳುವನ್ನು 60 ಡಿಗ್ರಿಯಲ್ಲಿ 10 ನಿಮಿಷ ಬಿಸಿ ಮಾಡಿದರೆ ಸ್ಫಟಿಕ ಕೋಶಗಳು ಎಳ್ಳಿನಂತೆ ಕಪ್ಪಗೆ ಕಾಣುತ್ತವೆ. ಸುಮ್ನೆ ಎಣಿಸಿದರಾಯಿತು. ನನಗೆ ಇಷ್ಟವಾದ ಪ್ರಯೋಗ ಇದು, ಅಗ್ಗ ಕೂಡ.

ಮೂರನೆಯದು ಚಪ್ಪಟೆ ಕೋಶ. ಆರೋಗ್ಯವಂತ ಹುಳದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಆದರೆ ಒಂದು ಪುಟಾಣಿ ಕಣಜದ ಹುಳ ಈ ಮರಿಹುಳುವಿನ ಮೈಯೊಳಗೆ ಮೊಟ್ಟೆಯಿಟ್ಟರೆ ಕಥೆಯೇ ಬೇರೆ. ಆ ಮೊಟ್ಟೆ ಒಂದೇ ಕೋಶ ನುಂಗುವಷ್ಟು ಸಣ್ಣದಲ್ಲ. ಒಂದೆರಡು ದಿನದಲ್ಲಿ ಚಪ್ಪಟೆ ಕೋಶಗಳು ಹುಟ್ಟಿ, ಕಡುಬಿಗೆ ಎಲೆ ಸುತ್ತಿದಂತೆ ಪದರ ಪದರವಾಗಿ ಮೊಟ್ಟೆಯನ್ನು ಸುತ್ತುತ್ತವೆ. ಆಮೇಲೆ ಅದೂ ಕಪ್ಪಾಗುತ್ತದೆ.

ಎಲ್ಲಿಂದ ಬಂದವು? ಮರಿಯ ಬೆನ್ನಿನಲ್ಲಿ, ಹೃದಯದ ಕೊಳವೆಗೆ ಅಂಟಿಕೊಂಡು ಒಂದು ಗ್ರಂಥಿ ಇದೆ. ಅದರ ಒಳಭಾಗದಲ್ಲಿ ಇನ್ನೂ ಏನಾಗಬೇಕೆಂದು ತೀರ್ಮಾನವಾಗದ ಕೋಶಗಳು ಕಾದಿರುತ್ತವೆ. ತುದಿಯಲ್ಲಿ ಹತ್ತಾರು ಕೋಶಗಳ ಗುಂಪು ಅವನ್ನು ಹತೋಟಿಯಲ್ಲಿಡುತ್ತದೆ. ಕಣಜ ಚುಚ್ಚಿದ ಸುದ್ದಿ ತಲುಪಿದರೆ ಆ ಗುಂಪೇ ಬೇರೆ ಸಂಕೇತ ಕಳಿಸುತ್ತದೆ. ಕಾದಿದ್ದ ಕೋಶಗಳು ಚಪ್ಪಟೆಯಾಗುತ್ತವೆ, ಗ್ರಂಥಿಯೇ ಅವಧಿಗೆ ಮುಂಚೆ ಒಡೆದು ಎಲ್ಲವನ್ನೂ ರಕ್ತಕ್ಕೆ ಬಿಡುತ್ತದೆ. ಕೀಟದ ರೋಗನಿರೋಧಕ ಶಕ್ತಿ 'ಸರಳ' ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ.

ಕಣಜವೇನೂ ಕಡಿಮೆಯಿಲ್ಲ. ಕೆಲವು ಜಾತಿಗಳ ವಿಷ ಚಪ್ಪಟೆ ಕೋಶಗಳನ್ನೇ ನಾಶಮಾಡುತ್ತದೆ. ಹಾಗಾಗಿ ನಮ್ಮ ಬಾಟಲಿಗಳಲ್ಲಿ ಎರಡು ಬಗೆ ನೋಡುತ್ತೇವೆ: ಹೊಟ್ಟೆಯಲ್ಲಿ ಕಪ್ಪು ಚುಕ್ಕೆ ಹೊತ್ತ ನೊಣ ಒಂದು. ನೊಣದ ಗೂಡಿನಿಂದಲೇ ಒಂದೆರಡು ವಾರ ತಡವಾಗಿ ಹೊರಬರುವ ಕಣಜ ಇನ್ನೊಂದು.