ಕೊತ್ತಂಬರಿ ಬೀಜದ ಎಣ್ಣೆ: ಅರೋಮಾಥೆರಪಿ ಕಲಿಯುವವರಿಗೆ ಟಿಪ್ಪಣಿ

ಕೊತ್ತಂಬರಿ ಎಣ್ಣೆಯ ಬಾಟಲಿ ಕೈಗೆ ಬಂದರೆ ಮೊದಲು ನೋಡಬೇಕಾದದ್ದು, ಅದು ಬೀಜದ್ದೋ ಸೊಪ್ಪಿನದ್ದೋ ಅಂತ. ಗಿಡ ಒಂದೇ, ಕೊರಿಯಾಂಡ್ರಮ್ ಸಟೈವಮ್. ಆದರೆ ಎರಡೂ ಎಣ್ಣೆಗಳ ಒಳಗಿರುವುದು ಬೇರೆ ಬೇರೆ. ಸೊಪ್ಪಿನ ಎಣ್ಣೆಯಲ್ಲಿ ಡೆಕನಲ್‌ನಂಥ ಆಲ್ಡಿಹೈಡ್‌ಗಳು (ಕಟು ವಾಸನೆಯ ರಾಸಾಯನಿಕಗಳು) ಜಾಸ್ತಿ. ಕೆಲವರಿಗೆ ಸೊಪ್ಪು ಸೋಪಿನ ವಾಸನೆ ಹೊಡೆಯುವುದು ಇವುಗಳಿಂದಲೇ. ಬೀಜದ ಎಣ್ಣೆಯಲ್ಲಿ ಲಿನಲೂಲ್ ಎಂಬ ಪರಿಮಳದ ರಾಸಾಯನಿಕದ್ದೇ ಮೇಲುಗೈ. ಅರೋಮಾಥೆರಪಿಯಲ್ಲಿ ಸುಮ್ನೆ ‘ಕೊರಿಯಾಂಡರ್ ಆಯಿಲ್’ ಅಂದರೆ ಬೀಜದ ಎಣ್ಣೆ ಅಂತಲೇ ತಿಳಿಯಬೇಕು. ಈ ಟಿಪ್ಪಣಿಯೂ ಅದರ ಬಗ್ಗೆಯೇ.

ಎಣ್ಣೆ ಎಲ್ಲಿ ಅಡಗಿದೆ?

ನಾವು ಬೀಜ ಅನ್ನುವುದು ನಿಜಕ್ಕೂ ಒಣಗಿದ ಹಣ್ಣು. ಎರಡು ಹೋಳುಗಳು ಅಂಟಿಕೊಂಡು ದುಂಡಗಾಗಿರುತ್ತವೆ. ಒಂದು ಕಾಳನ್ನು ಹಾಗೇ ಮೂಸಿ ನೋಡಿ, ವಾಸನೆ ಅಷ್ಟಕ್ಕಷ್ಟೇ. ಅದನ್ನೇ ಜಜ್ಜಿ ಮೂಸಿ: ಸಿಹಿ, ಸ್ವಲ್ಪ ನಿಂಬೆಯ ಛಾಯೆ, ಹಿಂದೆಯೇ ಬೆಚ್ಚಗಿನ ಮರದ ಪರಿಮಳ. ಎಣ್ಣೆ ಇರುವುದು ಒಳಗಿನ ಸಣ್ಣ ನಾಳಗಳಲ್ಲಿ, ಜಜ್ಜಿದಾಗ ಅವು ಒಡೆಯುತ್ತವೆ. ಅದಕ್ಕೇ ಎಣ್ಣೆ ತೆಗೆಯುವವರು ಕಾಳನ್ನು ಪುಡಿ ಮಾಡಿದ ತಕ್ಷಣ ಭಟ್ಟಿಗೆ ಹಾಕುತ್ತಾರೆ. ಪುಡಿಯನ್ನು ಹಾಗೇ ಬಿಟ್ಟರೆ ಎಣ್ಣೆ ಗಾಳಿಗೆ ಹಾರಿಹೋಗುತ್ತದೆ.

ಹಬೆ ಹಾಯಿಸಿ ಎಣ್ಣೆ ಇಳಿಸುವುದೇ ಸಾಮಾನ್ಯ ವಿಧಾನ. ಲಿನಲೂಲ್ ಒಂದೇ ಕುದಿಯಬೇಕೆಂದರೆ ಸುಮಾರು 198 ಡಿಗ್ರಿ ಸೆಲ್ಸಿಯಸ್ ಬೇಕು. ಹಬೆಯ ಜೊತೆ ಸೇರಿದರೆ 100 ಡಿಗ್ರಿಯೊಳಗೇ ಆವಿಯಾಗಿ ಬರುತ್ತದೆ, ಹಾಗಾಗಿ ಪರಿಮಳ ಕೆಡುವುದಿಲ್ಲ. 100 ಕೆ.ಜಿ. ಕಾಳಿಗೆ ಸಾಮಾನ್ಯವಾಗಿ 300 ಗ್ರಾಂನಿಂದ 1 ಕೆ.ಜಿ.ವರೆಗೆ ಎಣ್ಣೆ ಸಿಗುತ್ತದೆ. ದಪ್ಪ ಕಾಳಿಗಿಂತ ಸಣ್ಣ ಕಾಳಿನ ತಳಿಯಲ್ಲೇ ಎಣ್ಣೆ ಜಾಸ್ತಿ. ಹಸಿರು ಕಾಯಿಗೆ ತಿಗಣೆಯಂಥ ವಾಸನೆ ಇರುತ್ತದೆ. ಮಾಗುತ್ತಾ ಬಂದಂತೆ ಆಲ್ಡಿಹೈಡ್ ಇಳಿದು ಲಿನಲೂಲ್ ಏರುತ್ತದೆ.

ಲಿನಲೂಲ್ ಹಿಡಿದರೆ ಅರ್ಧ ಪಾಠ ಮುಗಿದಂತೆ

ಒಳ್ಳೆಯ ಬೀಜದ ಎಣ್ಣೆಯಲ್ಲಿ ಲಿನಲೂಲ್ ಹೆಚ್ಚುಕಮ್ಮಿ 65ರಿಂದ 78 ಶೇಕಡಾ. ಉಳಿದದ್ದು ಆಲ್ಫಾ ಪೈನೀನ್, ಗಾಮಾ ಟರ್ಪಿನೀನ್, ಕರ್ಪೂರ, ಜೆರಾನೈಲ್ ಅಸಿಟೇಟ್. ಲ್ಯಾವೆಂಡರ್‌ನಲ್ಲೂ ಲಿನಲೂಲ್ ಇದೆ ಅಲ್ವಾ? ಇದೆ, ಆದರೆ ಎಡಗೈಗೂ ಬಲಗೈಗೂ ಇರುವ ವ್ಯತ್ಯಾಸ. ಪರಮಾಣುಗಳು ಅವೇ, ಜೋಡಣೆ ಕನ್ನಡಿಯ ಬಿಂಬದಂತೆ ತಿರುವುಮುರುವು. ಮೂಗು ಈ ವ್ಯತ್ಯಾಸ ಗುರುತಿಸುತ್ತದೆ. ಮಾರುವವರು ಪರೀಕ್ಷಾ ವರದಿ ಕೊಟ್ಟರೆ ಮೊದಲು ಲಿನಲೂಲ್ ಸಾಲನ್ನು ಓದಿ.

ಯಾವುದಕ್ಕೆ ಬಳಸುತ್ತಾರೆ?

ಮುಖ್ಯವಾಗಿ ಮನಸ್ಸಿನ ಬಿಗಿತ ಸಡಿಲಿಸಲು. ಉಸಿರಿನ ಜೊತೆ ಹೋದ ಪರಿಮಳದ ಸುದ್ದಿ ಮೂಗಿನ ನರಗಳಿಂದ ಮೆದುಳಿನ ಲಿಂಬಿಕ್ ಭಾಗಕ್ಕೆ ಮುಟ್ಟುತ್ತದೆ. ಭಾವನೆ, ನೆನಪು ಎರಡಕ್ಕೂ ಸಂಬಂಧಪಟ್ಟ ಜಾಗ ಅದು. ಲಿನಲೂಲ್ ಮೂಸಿದ ಇಲಿಗಳಲ್ಲಿ ಆತಂಕ ಕಡಿಮೆಯಾದದ್ದು ಪ್ರಯೋಗಗಳಲ್ಲಿ ಕಂಡಿದೆ. ಅಷ್ಟನ್ನೇ ಹಿಡಿದು ‘ಆತಂಕದ ಕಾಯಿಲೆ ವಾಸಿಯಾಗುತ್ತದೆ’ ಅಂತ ಹೇಳಬಾರದು. ದಣಿದ ದಿನದ ಕೊನೆಗೆ ಹಿತ ಕೊಡುತ್ತದೆ ಅನ್ನೋದು ಸರಿಯಾದ ಮಾತು. ನನಗೆ ಇದು ಲ್ಯಾವೆಂಡರ್‌ಗಿಂತ ಇಷ್ಟ. ಶಾಂತವಾಗಿಸುತ್ತದೆ, ಆದರೆ ಮಂಕು ಕವಿಯುವಷ್ಟು ಭಾರ ಅನ್ನಿಸುವುದಿಲ್ಲ.

ಬಿಗಿದ ಭುಜ, ಸೊಂಟಕ್ಕೆ ಮಸಾಜ್ ಎಣ್ಣೆಯಲ್ಲಿ ಬೆರೆಸುತ್ತಾರೆ. ಹೊಟ್ಟೆ ಉಬ್ಬರಕ್ಕೆ ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಮೆಲ್ಲಗೆ ತಿಕ್ಕುವುದೂ ಹಳೆಯ ರೂಢಿ. ಇದು ಬಳಸಿದವರ ಅನುಭವದ ಮೇಲೆ ನಿಂತಿದೆ. ಇನ್ನು ಸೂಕ್ಷ್ಮಜೀವಿಗಳ ವಿಷಯ: ಪ್ರಯೋಗಾಲಯದಲ್ಲಿ ಈ ಎಣ್ಣೆ ಹಲವು ಬ್ಯಾಕ್ಟೀರಿಯಾ, ಫಂಗಸ್‌ಗಳನ್ನು ತಡೆದಿದೆ. ಕಾಲ್ಬೆರಳ ಸಂದಿನ ಫಂಗಸ್‌ಗೆ 6 ಶೇಕಡಾ ಎಣ್ಣೆಯ ಮುಲಾಮನ್ನು ಜನರ ಮೇಲೆ ಪರೀಕ್ಷಿಸಿದಾಗಲೂ ಗುಣ ಕಂಡಿದೆ. ಹಾಗಂತ ಮನೆಯಲ್ಲೇ ಅಷ್ಟು ಗಟ್ಟಿ ಮಿಶ್ರಣ ಮಾಡಿಕೊಳ್ಳುವುದು ಬೇಡ.

ಇದರ ಜೊತೆ ಬೆರೆಸಲು ಬರ್ಗಮಾಟ್ (ನಿಂಬೆ ಜಾತಿಯ ಹಣ್ಣು), ಶುಂಠಿ, ಶ್ರೀಗಂಧ, ಕ್ಲಾರಿ ಸೇಜ್ (ಸುವಾಸನೆಯ ಗಿಡ) ಎಣ್ಣೆಗಳು ಚೆನ್ನಾಗಿ ಹೊಂದುತ್ತವೆ.

ಅಳತೆ

1 ಮಿ.ಲೀ.ಗೆ ಸುಮಾರು 20 ಹನಿ ಅಂತ ಲೆಕ್ಕ. 30 ಮಿ.ಲೀ. ಬಾದಾಮಿ ಅಥವಾ ಎಳ್ಳೆಣ್ಣೆಗೆ 6 ಹನಿ ಹಾಕಿದರೆ 1 ಶೇಕಡಾ, 12 ಹನಿಗೆ 2 ಶೇಕಡಾ. ಮುಖಕ್ಕೆ 1 ಶೇಕಡಾ ಸಾಕು, ಮೈಗೆ 2 ಶೇಕಡಾ. ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ಒಂದು ದಿನ ಕಾದು ನೋಡಿ. ಸ್ನಾನದ ನೀರಿಗೆ ನೇರವಾಗಿ ಹಾಕಬೇಡಿ. ನೀರಲ್ಲಿ ಕರಗದೆ ಮೇಲೆ ತೇಲಿ, ಗಟ್ಟಿಯಾಗಿಯೇ ಚರ್ಮಕ್ಕೆ ತಾಗುತ್ತದೆ.

ಹೊಸ ಎಣ್ಣೆ ಚರ್ಮಕ್ಕೆ ಸೌಮ್ಯ. ಹಳತಾದರೆ ಕಥೆ ಬೇರೆ. ಲಿನಲೂಲ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಹೈಡ್ರೋಪೆರಾಕ್ಸೈಡ್‌ಗಳಾಗುತ್ತದೆ, ಅಲರ್ಜಿ ತರುವುದು ಅವೇ. ಬಾಟಲಿ ಕಂದು ಗಾಜಿನದ್ದಿರಲಿ, ತಂಪು ಜಾಗದಲ್ಲಿರಲಿ. ಮುಚ್ಚಳ ತೆಗೆದ ತಾರೀಖು ಬರೆದಿಡಿ. ಅರ್ಧ ಖಾಲಿಯಾದಾಗ ಚಿಕ್ಕ ಬಾಟಲಿಗೆ ಬಗ್ಗಿಸಿಕೊಂಡರೆ ಒಳಗೆ ಗಾಳಿ ಕಡಿಮೆಯಾಗುತ್ತದೆ.

ಗರ್ಭಿಣಿಯರು, ಆಸ್ತಮಾ ಇರುವವರು ವೈದ್ಯರನ್ನು ಕೇಳಿಯೇ ಬಳಸಲಿ. ಚಿಕ್ಕ ಮಕ್ಕಳಿಗೂ ಹಾಗೇ. ತಾವೇ ನಿರ್ಧರಿಸಿ ಕುಡಿಯುವುದಂತೂ ಯಾರಿಗೂ ಬೇಡ. ಮನೆಯಲ್ಲಿ ಬೆಕ್ಕಿದ್ದರೆ ಡಿಫ್ಯೂಸರ್ (ಪರಿಮಳವನ್ನು ಗಾಳಿಗೆ ಹರಡುವ ಸಾಧನ) ಹಚ್ಚಿದ ಕೋಣೆಯಲ್ಲಿ ಅದನ್ನು ಕೂಡಿಹಾಕಬೇಡಿ. ಇಂಥ ಎಣ್ಣೆಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ.