ಪ್ರತಿಯೇ ಉಳಿಯದ ಚಿತ್ರದ ಕಥೆ ತಿಳಿಯುವುದು ಹೇಗೆ?

ಪ್ರಶ್ನೆ: ಅಮೆರಿಕದ ಮೂಕಿ ಚಿತ್ರ ‘ಎವ್ರಿವುಮನ್’ (1919) ಕಳೆದುಹೋಗಿದೆ ಎನ್ನುತ್ತಾರೆ. ಹಾಗಿದ್ದರೆ ಅದರ ಕಥೆ, ಪಾತ್ರಗಳ ವಿವರ ಎಲ್ಲಿಂದ ಬಂತು?

ಉತ್ತರ: ಕಾಗದಪತ್ರಗಳಿಂದ. 1912ರಲ್ಲಿ ಅಮೆರಿಕದ ಹಕ್ಕುಸ್ವಾಮ್ಯ ಕಾನೂನಿನಲ್ಲಿ ಚಲನಚಿತ್ರಕ್ಕೆ ಪ್ರತ್ಯೇಕ ಸ್ಥಾನ ಸಿಕ್ಕ ಮೇಲೆ ನಿರ್ಮಾಪಕರು ನೋಂದಣಿಗಾಗಿ ಚಿತ್ರದ ಪ್ರತಿಯ ಜೊತೆಗೆ ಲಿಖಿತ ವಿವರಣೆಯನ್ನೂ ಸಲ್ಲಿಸುತ್ತಿದ್ದರು. ಆದರೆ ಅಂದಿನ ನೈಟ್ರೇಟ್ ಫಿಲ್ಮ್ ಬೇಗನೆ ಹೊತ್ತಿಕೊಳ್ಳುವಂಥದ್ದು. ಆದ್ದರಿಂದ ಈ ನೋಂದಣಿ ನಡೆಯುತ್ತಿದ್ದ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯ, ಲೈಬ್ರರಿ ಆಫ್ ಕಾಂಗ್ರೆಸ್, ರೀಲುಗಳನ್ನು ಕಂಪನಿಗಳಿಗೇ ಹಿಂದಿರುಗಿಸಿ, ವಿವರಣೆಯ ಹಾಳೆಗಳನ್ನು ಮಾತ್ರ ಇಟ್ಟುಕೊಳ್ಳುತ್ತಿತ್ತು. ಹಿಂದಿರುಗಿದ ರೀಲುಗಳಲ್ಲಿ ಕೆಲವು ಬೆಂಕಿಗೆ ಆಹುತಿಯಾದವು, ಕೆಲವು ಗೋದಾಮಿನಲ್ಲೇ ಕೊಳೆತವು, ಇನ್ನು ಕೆಲವನ್ನು ಅವುಗಳಲ್ಲಿನ ಬೆಳ್ಳಿಗಾಗಿ ಕರಗಿಸಲಾಯಿತು. ಅಮೆರಿಕದ ಪೂರ್ಣಪ್ರಮಾಣದ ಮೂಕಿ ಚಿತ್ರಗಳಲ್ಲಿ ಮೂಲ ರೂಪದಲ್ಲಿ ಪೂರ್ತಿಯಾಗಿ ಉಳಿದಿರುವುದು ಸುಮಾರು 14 ಪ್ರತಿಶತ ಮಾತ್ರ ಎಂದು ಅದೇ ಗ್ರಂಥಾಲಯ 2013ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ.

ಈ ಚಿತ್ರಕ್ಕೆ ಇನ್ನೊಂದು ಆಧಾರವೂ ಇದೆ. ಜಾರ್ಜ್ ಮೆಲ್ಫರ್ಡ್ ಇದನ್ನು ನಿರ್ದೇಶಿಸಿದ್ದು ವಾಲ್ಟರ್ ಬ್ರೌನ್ ಬರೆದು 1911ರಲ್ಲಿ ನ್ಯೂಯಾರ್ಕಿನಲ್ಲಿ ರಂಗಕ್ಕೆ ಬಂದ ನಾಟಕವನ್ನು ಆಧರಿಸಿ, ಆ ನಾಟಕವೋ ಅಚ್ಚಾಗಿ ಉಳಿದಿದೆ. ನಮ್ಮವರಿಗೆ ಪರಿಚಿತವಾದ ಸಂಸ್ಕೃತ ನಾಟಕ ‘ಪ್ರಬೋಧಚಂದ್ರೋದಯ’ದಲ್ಲಿ ವಿವೇಕ, ಮೋಹಗಳೇ ವೇಷ ಹಾಕಿಕೊಂಡು ಬರುವಂತೆ ಇಲ್ಲಿಯೂ ಗುಣಗಳೇ ಪಾತ್ರಗಳು. ಕನ್ನಡಿಯಲ್ಲಿ ಕಾಣಿಸಿಕೊಳ್ಳುವ ಮುಖಸ್ತುತಿಯ ಮಾತಿಗೆ ಮರುಳಾದ ನಾಯಕಿ ರೂಪ, ಯೌವನ, ಲಜ್ಜೆ ಎಂಬ ಗೆಳತಿಯರೊಡನೆ ಪ್ರೇಮವನ್ನು ಹುಡುಕಿ ಹೊರಡುತ್ತಾಳೆ. ದಾರಿಯಲ್ಲಿ ಗೆಳತಿಯರನ್ನು ಒಬ್ಬೊಬ್ಬರಾಗಿ ಕಳೆದುಕೊಂಡು ಕೊನೆಗೆ ಮನೆಗೆ ಮರಳಿದಾಗ, ಪ್ರೇಮವೆಂಬವನು ಸತ್ಯದ ಮಗನೆಂದು ತಿಳಿಯುತ್ತದೆ. ಚಿತ್ರದಲ್ಲಿ ನಾಯಕಿಯಾದವರು ವಯೊಲೆಟ್ ಹೆಮಿಂಗ್. ಸಿರಿಯ ಪಾತ್ರ ಥಿಯೊಡೋರ್ ರಾಬರ್ಟ್ಸ್ ಅವರದು, ದುರ್ವ್ಯಸನದ್ದು ಬೀಬಿ ಡೇನಿಯಲ್ಸ್ ಅವರದು.

ಇಂಥ ಸಾಂಕೇತಿಕ ಚಿತ್ರದಲ್ಲಿ ಪಾತ್ರಗಳ ಪಟ್ಟಿಯನ್ನು ಓದಿದರೇ ಅರ್ಧ ಕಥೆ ತಿಳಿದುಬಿಡುತ್ತದೆ. ಕಾಗದದ ಮೇಲೆ ಇದು ಇಷ್ಟು ಚೆನ್ನಾಗಿ ಉಳಿದಿರುವುದು ಆ ಕಾರಣಕ್ಕೇ. ಆದರೆ ನನ್ನ ದೃಷ್ಟಿಯಲ್ಲಿ ನಿಜವಾದ ನಷ್ಟವೂ ಅಲ್ಲೇ ಇದೆ. ರಂಗದ ಮೇಲೆ ಲಜ್ಜೆ ತನ್ನ ಮಾತಿನಿಂದಲೇ ತಾನು ಯಾರೆಂದು ತಿಳಿಸಬಲ್ಲಳು, ಮೂಕಿಯಲ್ಲಿ ಆ ಕೆಲಸವನ್ನು ನಟಿಯ ಕಣ್ಣು, ನಡಿಗೆ, ಉಡುಪುಗಳು ಮಾಡಬೇಕು, ಸಾಲದ್ದನ್ನು ದೃಶ್ಯಗಳ ನಡುವೆ ತೆರೆಯ ಮೇಲೆ ಬರುವ ಬರಹ, ಅಂದರೆ ಟೈಟಲ್ ಕಾರ್ಡ್, ತುಂಬಬೇಕು. ಆ ನಟಿ ಅದನ್ನು ಹೇಗೆ ಮಾಡಿದಳೆಂಬುದನ್ನು ಯಾವ ಸಾರಾಂಶವೂ ಹೇಳಲಾರದು.

ಕಳೆದುಹೋಗಿದೆ ಎಂದರೆ ಯಾವ ಸಂಗ್ರಹಾಲಯದಲ್ಲಿಯೂ ಪ್ರತಿ ಇರುವುದು ಈವರೆಗೆ ಗೊತ್ತಾಗಿಲ್ಲ ಎಂದಷ್ಟೇ ಅರ್ಥ. 2010ರಲ್ಲಿ ರಷ್ಯಾ ತನ್ನಲ್ಲಿ ಉಳಿದಿದ್ದ 10 ಅಮೆರಿಕನ್ ಮೂಕಿ ಚಿತ್ರಗಳ ಡಿಜಿಟಲ್ ಪ್ರತಿಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟಿತು. ‘ಎವ್ರಿವುಮನ್’ ಅವುಗಳಲ್ಲಿ ಇರಲಿಲ್ಲ.