ಪದ ಪರಿಚಯ: ಪ್ರತಿಫಲನಾತ್ಮಕ ಬೋಧನೆ

ವಿಜ್ಞಾನದ ಮೇಷ್ಟ್ರಿಗೆ 'ಪ್ರತಿಫಲನ' ಅಂದರೆ ಮೊದಲು ನೆನಪಾಗುವುದು ಕನ್ನಡಿ, ಪತನ ಕೋನ, ಪ್ರತಿಫಲನ ಕೋನ. ಬಿ.ಎಡ್. ಓದುವಾಗ ಅದೇ ಪದ ಬೇರೆ ಅರ್ಥದಲ್ಲಿ ಎದುರಾಗುತ್ತದೆ. ಮಾಡಿದ ಪಾಠವನ್ನು ಮೆಲುಕು ಹಾಕಿ, ಎಲ್ಲಿ ಮಕ್ಕಳ ತಲೆಗೆ ಹತ್ತಿತು, ಎಲ್ಲಿ ಹತ್ತಲಿಲ್ಲ, ಯಾಕೆ ಎಂದು ಹುಡುಕಿ, ಮುಂದಿನ ಪಾಠವನ್ನು ತಿದ್ದಿಕೊಳ್ಳುವುದು. ನನಗಂತೂ 'ಮೆಲುಕು' ಪದವೇ ಜಾಸ್ತಿ ಇಷ್ಟ. ಹಸು ಅವಸರದಲ್ಲಿ ನುಂಗಿದ್ದನ್ನು ನೆರಳಲ್ಲಿ ಮಲಗಿ ಮತ್ತೆ ಬಾಯಿಗೆ ತಂದು ಅಗಿಯುತ್ತದೆ. ನಲವತ್ತು ನಿಮಿಷದ ಪೀರಿಯಡ್ಡೂ ಹಾಗೇ, ಅವಸರದ್ದು.

ಸಾಂದ್ರೀಕರಣದ, ಅಂದರೆ ನೀರಾವಿ ತಣ್ಣಗಾಗಿ ಹನಿಯಾಗುವುದರ, ಪಾಠವನ್ನೇ ನೋಡಿ. ಸ್ಟೀಲ್ ಲೋಟದಲ್ಲಿ ಐಸ್ ನೀರು ಇಟ್ಟಿದ್ದೀರಿ. ಹೊರಮೈ ಮೇಲೆ ಹನಿ ಮೂಡಿದೆ. "ಇದು ಎಲ್ಲಿಂದ ಬಂತು?" ಹಿಂದಿನ ಬೆಂಚಿನ ಹುಡುಗಿ ಹೇಳುತ್ತಾಳೆ: "ಒಳಗಿನ ನೀರೇ ಜಿನುಗಿದೆ ಸಾರ್." ನೀವು "ಅಲ್ಲಮ್ಮ, ಗಾಳಿಯಲ್ಲಿರೋ ನೀರಾವಿ" ಅಂದು ಬೋರ್ಡಿನ ಮೇಲೆ ಉತ್ತರ ಬರೆದಿರಿ. ಎಲ್ಲರೂ ಬರೆದುಕೊಂಡರು. ಸಂಜೆ ಡೈರಿಯಲ್ಲಿ "ಪಾಠ ಚೆನ್ನಾಗಿ ಮೂಡಿಬಂತು, ಮಕ್ಕಳು ಉತ್ಸಾಹದಿಂದ ಪಾಲ್ಗೊಂಡರು" ಎಂದು ಬರೆದರೆ ಅದು ಬರೀ ವರದಿ. ಆ ಹುಡುಗಿಯ ಮಾತನ್ನು ಹಾಗೇ ಬರೆದಿಟ್ಟು ಯೋಚಿಸಿ. ಮನೆಯಲ್ಲಿ ಮಣ್ಣಿನ ಹೂಜಿ ಜಿನುಗುವುದನ್ನು ಕಂಡ ಮಗು ಹಾಗನ್ನುವುದು ಸಹಜ ಅಲ್ವಾ? ಇಲ್ಲಿಂದ ಪ್ರತಿಫಲನ ಶುರು. ಮರುದಿನ ಲೋಟದ ನೀರಿಗೆ ಬೀಟ್‌ರೂಟ್ ರಸ ಬೆರೆಸುತ್ತೀರಿ. ಒಳಗೆ ಕೆಂಪು, ಹೊರಗಿನ ಹನಿಗೆ ಬಣ್ಣವೇ ಇಲ್ಲ. ಈಗ ಅವಳೇ ಬೆರಳಲ್ಲಿ ಒರೆಸಿ ನೋಡುತ್ತಾಳೆ.

ಈ ವಿಚಾರಕ್ಕೆ ದೊಡ್ಡ ಹೆಸರು ತಂದವರು ಅಮೆರಿಕದ ಚಿಂತಕ ಡೊನಾಲ್ಡ್ ಶೋನ್, 1983ರಲ್ಲಿ. ಕೆಲಸ ಮುಗಿದ ಮೇಲೆ ಹಿಂತಿರುಗಿ ನೋಡುವುದು ಒಂದು ಬಗೆ, ಕೆಲಸದ ನಡುವೆಯೇ ಯೋಚಿಸಿ ದಾರಿ ಬದಲಿಸುವುದು ಇನ್ನೊಂದು ಎಂದರು. ಹುಡುಗಿ ಹೇಳಿದ ತಕ್ಷಣ "ಹೌದಾ? ಪರೀಕ್ಷೆ ಮಾಡೋದು ಹೇಗೆ?" ಎಂದು ಕೇಳಿದ್ದರೆ ಅದು ಎರಡನೆಯದು. ಕಷ್ಟದ್ದು. ಸಂಜೆಯ ಮೆಲುಕು ರೂಢಿಯಾದವರಿಗೆ ಮೆಲ್ಲಗೆ ಕೈಗೂಡುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೆ ರಾಷ್ಟ್ರೀಯ ವೃತ್ತಿಪರ ಮಾನದಂಡಗಳು ಬೇಕು ಎಂದಿತು. ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆ ಆಗಬೇಕು ಎಂದೂ ಹೇಳಿತು. ಗಂಟೆಯ ಲೆಕ್ಕ ಹಾಜರಿ ಪುಸ್ತಕದಲ್ಲಿ ಸಿಗುತ್ತದೆ. ಆದರೆ ಬೀಟ್‌ರೂಟ್ ರಸದ ಉಪಾಯ ಸಿಗುವುದು ಮೇಷ್ಟ್ರ ಡೈರಿಯಲ್ಲಿ. ತರಬೇತಿಯಲ್ಲಿ ನಾಲ್ಕು ಜನ ಸೇರಿ ಇಂಥ ಒಂದೊಂದು ಪುಟ ಓದಿಕೊಂಡರೂ ಆ ಗಂಟೆಗಳು ಸಾರ್ಥಕ ಎಂದು ನಾನು ನಂಬಿದ್ದೇನೆ. ಶುರುವಿಗೆ ದಿನಕ್ಕೆ ಒಂದೇ ಸಾಲು ಸಾಕು: ಇವತ್ತು ಯಾವ ಮಗು ಏನು ಹೇಳಿತು?